ಮನೆಯಲ್ಲೇ ಮಾಡುವ ಡಬ್ಬ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಸುತ್ತಮುತ್ತಲ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಜೊತೆ ಕೂತು ರಟ್ಟಿನ ಡಬ್ಬದಿಂದ ಕ್ಯಾಮೆರಾ ಮಾಡಿಸುತ್ತೇನೆ. ಮಕ್ಕಳು ಪ್ರಶ್ನೆ ಕೇಳುವುದು ಕಮ್ಮಿ, ಅವರ ಕೈ ಓಡುತ್ತಿರುತ್ತದೆ. ಕೇಳುವವರೆಲ್ಲ ಅಪ್ಪ, ಅಮ್ಮ, ಟೀಚರುಗಳು. ಫೋನಿನಲ್ಲಿ ಒಬ್ಬೊಬ್ಬರಿಗೂ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಇದು ನಿಜವಾದ ಕ್ಯಾಮೆರಾನಾ, ಆಟದ ಸಾಮಾನಾ?

ನಿಜವಾದ ಕ್ಯಾಮೆರಾನೇ. ಕತ್ತಲೆ ತುಂಬಿದ ಡಬ್ಬ, ಬೆಳಕು ಒಳಗೆ ಬರಲು ಒಂದು ಕಿಂಡಿ, ಚಿತ್ರ ಬೀಳಲು ಒಂದು ಪರದೆ. ಲಕ್ಷ ರೂಪಾಯಿಯ ಕ್ಯಾಮೆರಾದಲ್ಲೂ ಇರುವುದು ಇವೇ ಮೂರು. ಅದರ ಕಿಂಡಿಗೆ ಮಸೂರ ಕೂರಿಸಿರುತ್ತಾರೆ, ಪರದೆಯ ಜಾಗದಲ್ಲಿ ಸೆನ್ಸರ್ ಇರುತ್ತದೆ. ನಮ್ಮದರಲ್ಲಿ ಸೂಜಿ ತೂತು ಮತ್ತು ಟ್ರೇಸಿಂಗ್ ಪೇಪರ್. ಚಿತ್ರ ಉಳಿಯುವುದಿಲ್ಲ, ಕಾಣುತ್ತದೆ ಅಷ್ಟೇ. ಆದರೆ ಬಣ್ಣದಲ್ಲಿ ಕಾಣುತ್ತದೆ, ಅಲ್ಲಾಡುತ್ತದೆ. ರಸ್ತೆಯಲ್ಲಿ ಬಸ್ಸು ಹೋದರೆ ಪರದೆಯ ಮೇಲೂ ಬಸ್ಸು ಹೋಗುತ್ತದೆ, ಅದೂ ಎದುರು ದಿಕ್ಕಿಗೆ. ಮಕ್ಕಳಿಗೆ ಉಳಿಯುವ ಫೋಟೊಗಿಂತ ಇದೇ ಜಾಸ್ತಿ ಹಿಡಿಸುತ್ತದೆ. ಫೋಟೊ ಅವರು ಫೋನಿನಲ್ಲಿ ದಿನಾ ನೋಡುತ್ತಾರೆ.

ಎಷ್ಟು ವಯಸ್ಸಾಗಿರಬೇಕು?

ನೋಡಿ ಖುಷಿಪಡಲು ಐದು ವರ್ಷ ಸಾಕು. ತಾವೇ ಕತ್ತರಿಸಿ ಅಂಟಿಸಲು ಎಂಟೊಂಬತ್ತು ಆಗಿರಬೇಕು. ಯಾಕೆ ಹೀಗೆ ಅಂತ ಬೆನ್ನು ಹತ್ತುವುದು ಹನ್ನೊಂದು ಹನ್ನೆರಡರ ಹೊತ್ತಿಗೆ. ಬ್ಲೇಡಿನ ಕೆಲಸ ಮಾತ್ರ ಯಾವ ವಯಸ್ಸಿನವರಿದ್ದರೂ ದೊಡ್ಡವರದ್ದೇ.

ಏನೇನು ಸಾಮಾನು ಬೇಕು?

ಒಂದು ಶೂ ಡಬ್ಬ. ಚಪ್ಪಲಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ನಮ್ಮ ಕಡೆ ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆ ಬೇಕಾದಷ್ಟು ಸಿಗುವುದರಿಂದ ಮಕ್ಕಳು ಮೊದಲು ಅದನ್ನೇ ತರುತ್ತಾರೆ. ಗಾಳಿಯಾಡಲಿ ಅಂತ ಅದಕ್ಕೆ ಮೊದಲೇ ತೂತು ಹೊಡೆದಿರುತ್ತಾರೆ. ಅವನ್ನೆಲ್ಲ ಮುಚ್ಚುತ್ತಾ ಕೂರುವುದಕ್ಕಿಂತ ಬೇರೆ ಡಬ್ಬ ಹುಡುಕುವುದು ಸಲೀಸು.

ಅಂಗೈ ಅಗಲದ ಅಲ್ಯೂಮಿನಿಯಂ ಫಾಯಿಲ್, ಒಂದು ಹಾಳೆ ಟ್ರೇಸಿಂಗ್ ಪೇಪರ್, ಕಪ್ಪು ಚಾರ್ಟ್ ಪೇಪರ್, ಕರೆಂಟ್ ಕೆಲಸದವರು ಸುತ್ತುವ ಕಪ್ಪು ಟೇಪು, ಅಂಟು, ಕತ್ತರಿ, ಗುಂಡುಸೂಜಿ. ಟ್ರೇಸಿಂಗ್ ಪೇಪರ್ ಸಿಗದಿದ್ದರೆ ಬಿಳಿ ಹಾಳೆಗೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿ, ಅದೂ ನಡೆಯುತ್ತದೆ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಎತ್ತಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಎಲ್ಲ ಕತ್ತರಿಸಿಟ್ಟ ರೆಡಿ ಕಿಟ್ಟುಗಳೂ ಸಿಗುತ್ತವೆ. ನನಗೆ ಅವು ಇಷ್ಟವಿಲ್ಲ. ತೂತಿನ ಅಳತೆ, ಪರದೆಯ ದೂರ ಎಲ್ಲಾ ಅವರೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಮಗು ಕಲಿಯುವುದೇ ಅವೆರಡನ್ನು ಬದಲಿಸಿ ನೋಡುವುದರಿಂದ.

ಮಾಡುವುದು ಹೇಗೆ?

ಡಬ್ಬದ ಒಳಗೆಲ್ಲ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ಮುಚ್ಚಳದ ಒಳಭಾಗಕ್ಕೂ ಅಂಟಿಸಿ, ಇದನ್ನು ಬಹಳ ಜನ ಮರೆಯುತ್ತಾರೆ. ಒಳಗೆ ಬಿಳಿ ಇದ್ದರೆ ಬೆಳಕು ಗೋಡೆಯಿಂದ ಗೋಡೆಗೆ ಚಿಮ್ಮಿ ಚಿತ್ರವನ್ನು ತೊಳೆದು ಹಾಕುತ್ತದೆ.

ಡಬ್ಬದ ಗಿಡ್ಡ ಬದಿಯ ನಡುವೆ 2 ಸೆಂ.ಮೀ. ಚೌಕದ ಕಿಟಕಿ ಕತ್ತರಿಸಿ. ಅದರ ಮೇಲೆ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಕಪ್ಪು ಟೇಪು ಹಾಕಿ. ತೂತನ್ನು ಈಗಲೇ ಚುಚ್ಚಬೇಡಿ.

ಎದುರಿನ ಗಿಡ್ಡ ಬದಿಯಲ್ಲಿ ಕಣ್ಣಿಡಲು ಒಂದು ಕಿಟಕಿ ಮಾಡಿ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಈಗ ಡಬ್ಬದ ಒಳ ಅಗಲಕ್ಕೆ, ಎತ್ತರಕ್ಕೆ ಸರಿಯಾಗಿ ಕೂರುವ ಹಾಗೆ ಒಂದು ರಟ್ಟಿನ ಚೌಕಟ್ಟು ಮಾಡಿ, ಅದರ ನಡುವೆ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ. ಇದೇ ಪರದೆ. ತೂತಿನಿಂದ 15 ಸೆಂ.ಮೀ. ದೂರದಲ್ಲಿ ನಿಲ್ಲಿಸಿ, ಆದರೆ ಅಂಟಿಸಬೇಡಿ. ಹಿಂದಕ್ಕೂ ಮುಂದಕ್ಕೂ ಜರುಗಿಸಲು ಬರಬೇಕು. ಚೌಕಟ್ಟಿನ ಪಕ್ಕದಿಂದ ಬೆಳಕು ನುಸುಳದ ಹಾಗೆ ಅಂಚಿಗೆ ಕಪ್ಪು ಕಾಗದದ ಪಟ್ಟಿ ಕೊಡಿ.

ಮುಚ್ಚಳ ಹಾಕಿ, ಸುತ್ತ ಟೇಪು ಸುತ್ತಿ. ಕಡೆಗೆ ಫಾಯಿಲ್‌ಗೆ ತೂತು. ಅದನ್ನು ಮಗುವಿನ ಕೈಯಲ್ಲೇ ಮಾಡಿಸಿ. ಗುಂಡುಸೂಜಿಯ ಮೊನೆ ಮಾತ್ರ ಇಳಿಯಲಿ, ಸೂಜಿಯನ್ನು ತಿರುಗಿಸುತ್ತಾ ನಿಧಾನ ಒತ್ತಬೇಕು. ಹರಿದ ಅಂಚಿಗಿಂತ ದುಂಡನೆಯ ಅಂಚು ಒಳ್ಳೆಯದು. ಹರಿದು ಹೋಯಿತಾ? ಇನ್ನೊಂದು ಫಾಯಿಲ್ ಅಂಟಿಸಿ.

ನೆರಳಿನಲ್ಲಿ ನಿಂತು, ಬಿಸಿಲಿನಲ್ಲಿರುವ ಯಾವುದನ್ನಾದರೂ ನೋಡಿ. ಹೋಗುವ ಮೊದಲು ಒಂದು ಮಾತು. ಚಿತ್ರ ತಲೆಕೆಳಗಾಗಿ ಬರುತ್ತೆ ಅಂತ ದಯವಿಟ್ಟು ಮುಂಚೆಯೇ ಹೇಳಬೇಡಿ. ಏನು ಕಾಣಬಹುದು ಅಂತ ಮಗುವನ್ನೇ ಕೇಳಿ, ಅದು ಹೇಳಿದ್ದನ್ನು ಡಬ್ಬದ ಮೇಲೆ ಪೆನ್ಸಿಲಿನಲ್ಲಿ ಬರೆಯಿಸಿ, ಆಮೇಲೆ ನೋಡಿಸಿ. ಶಾಲೆ ಪುಸ್ತಕದಲ್ಲಿ ಬಿಂಬ ತಲೆಕೆಳಗು ಎಂದು ಓದಿ ಮಾರ್ಕ್ಸ್ ತೆಗೆದುಕೊಂಡ ಹುಡುಗಿಯೂ ಡಬ್ಬದೊಳಗೆ ನೋಡಿ ಡಬ್ಬವನ್ನೇ ಉಲ್ಟಾ ಹಿಡಿಯುತ್ತಾಳೆ, ಸರಿ ಹೋಗಬಹುದು ಅಂತ. ಹೋಗುವುದಿಲ್ಲ. ಆಗ ಅವಳ ಮುಖ ನೋಡಬೇಕು.

ಮಾಡಿದ್ದೆಲ್ಲ ಆಯ್ತು. ಏನೂ ಕಾಣ್ತಿಲ್ಲವಲ್ಲ?

ಇದೇ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಕಾರಣ ಹೆಚ್ಚಾಗಿ ಡಬ್ಬದಲ್ಲಿ ಇರುವುದಿಲ್ಲ, ನಿಂತ ಜಾಗದಲ್ಲಿ ಇರುತ್ತದೆ. ಮನೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಕೂತು ಎದುರಿನ ಕುರ್ಚಿಯನ್ನು ನೋಡಿದರೆ ಏನೂ ಕಾಣುವುದಿಲ್ಲ. ಅಷ್ಟು ಸಣ್ಣ ತೂತಿನಿಂದ ಬರುವ ಬೆಳಕು ಬಹಳ ಕಮ್ಮಿ. ಮಧ್ಯಾಹ್ನದ ಬಿಸಿಲು ಬಿದ್ದ ಎದುರು ಮನೆ ಗೋಡೆ, ಒಣಗಲು ಹಾಕಿದ ಬಣ್ಣದ ಬಟ್ಟೆ, ಆಕಾಶದ ಎದುರು ನಿಂತ ತೆಂಗಿನ ಮರ, ಇಂಥವನ್ನು ಆರಿಸಿಕೊಳ್ಳಿ. ನಂದಿ ಬೆಟ್ಟಕ್ಕೆ ಬೆಳಗ್ಗೆಯೇ ಡಬ್ಬ ಹೊತ್ತುಕೊಂಡು ಹೋಗುವವರಿದ್ದಾರೆ. ಮಂಜಿನಲ್ಲಿ ಪರದೆ ಬರೀ ಬೂದಿ ಬಣ್ಣ.

ಎರಡನೆಯದು, ನೋಡುವವರ ತಲೆಯ ಸುತ್ತ ಕತ್ತಲೆ ಇರಬೇಕು. ಕಂಬಳಿಯನ್ನೋ ಅಮ್ಮನ ದುಪ್ಪಟ್ಟಾವನ್ನೋ ತಲೆ ಮೇಲೆ ಹೊದ್ದುಕೊಂಡು, ಕಣ್ಣನ್ನು ಕಿಟಕಿಗೆ ಒತ್ತಿ. ಒಂದೆರಡು ನಿಮಿಷ ಕಾಯಿರಿ. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹೊತ್ತು ಬೇಕು.

ಮೂರನೆಯದು ಸ್ವಲ್ಪ ತಮಾಷೆಯದು. ಮಗಳು ಕಾಣ್ತಿದೆ ಅಂತಾಳೆ, ಅಪ್ಪನಿಗೆ ಬರೀ ಮಸುಕು. ಇಬ್ಬರೂ ನಿಜವೇ ಹೇಳುತ್ತಿರುತ್ತಾರೆ. ಪರದೆ ಕಣ್ಣಿನಿಂದ 15 ಸೆಂ.ಮೀ. ದೂರದಲ್ಲಿದೆ. ಮಕ್ಕಳ ಕಣ್ಣು ಅಷ್ಟು ಹತ್ತಿರದ್ದನ್ನೂ ಸ್ಪಷ್ಟವಾಗಿ ನೋಡುತ್ತದೆ. ನಲವತ್ತು ದಾಟಿದವರ ಕಣ್ಣಿಗೆ ಅದು ಆಗುವುದಿಲ್ಲ. ಓದುವ ಕನ್ನಡಕ ಹಾಕಿಕೊಳ್ಳಿ, ಇಲ್ಲವೇ ಉದ್ದದ ಡಬ್ಬ ಮಾಡಿ.

ಇನ್ನೂ ಕಾಣದಿದ್ದರೆ ತೂತಿಗೆ ಅಂಟೋ ಧೂಳೋ ಮುಚ್ಚಿದೆಯಾ ನೋಡಿ. ಡಬ್ಬದ ಮೂಲೆಗಳನ್ನೂ ನೋಡಿ, ಬೆಳಕು ಸೋರುವುದು ಅಲ್ಲೇ.

ಚಿತ್ರ ಯಾಕೆ ತಲೆಕೆಳಗಾಗುತ್ತೆ? ಮಗುವಿಗೆ ಹೇಗೆ ಹೇಳೋದು?

ಹೇಳುವುದಕ್ಕಿಂತ ದಾರ ಹಿಡಿಸಿ. ಬಾಗಿಲ ಚಿಲಕದ ಹತ್ತಿರ ಒಂದು ರಟ್ಟನ್ನು ನಿಲ್ಲಿಸಿ, ಅದರಲ್ಲಿ ಬೆರಳು ಹೋಗುವಷ್ಟು ತೂತು ಮಾಡಿ. ಒಂದು ಕಡೆ ಒಬ್ಬ ಹುಡುಗ ನಿಲ್ಲಲಿ. ಅವನ ತಲೆಯಿಂದ ಒಂದು ಕೆಂಪು ದಾರ, ಮಂಡಿಯಿಂದ ಒಂದು ಹಸಿರು ದಾರ. ಎರಡೂ ಆ ಒಂದೇ ತೂತಿನಲ್ಲಿ ನೇರವಾಗಿ ಹಾಯಬೇಕು, ಬಾಗಬಾರದು. ಇನ್ನೊಂದು ಕಡೆ ದಾರ ಎಳೆದು ಹಿಡಿದವಳ ಕೈಯಲ್ಲಿ ಕೆಂಪು ಕೆಳಗಿರುತ್ತದೆ, ಹಸಿರು ಮೇಲಿರುತ್ತದೆ. ಬೆಳಕು ನೇರವಾಗಿ ಹೋಗುತ್ತದೆ ಎನ್ನುವ ಒಂದು ಸಂಗತಿ ಸಾಕು, ತಲೆಕೆಳಗಾಗುವುದು ತಾನಾಗಿ ಬರುತ್ತದೆ.

ಈಗ ಇನ್ನೊಂದು ಪ್ರಶ್ನೆ ಕೇಳಿ. ತೂತೇ ಇಲ್ಲದೆ ಬಿಳಿ ಕಾಗದವನ್ನು ಬಿಸಿಲಿನ ಮರದ ಎದುರು ಹಿಡಿದರೆ ಮರದ ಚಿತ್ರ ಯಾಕೆ ಬೀಳುವುದಿಲ್ಲ? ಮರದಿಂದ ಬೆಳಕು ಕಾಗದಕ್ಕೆ ಬರುತ್ತಲೇ ಇದೆ. ಆದರೆ ಎಲೆಯ ಬೆಳಕು, ಕಾಂಡದ ಬೆಳಕು, ಆಕಾಶದ ಬೆಳಕು ಎಲ್ಲವೂ ಕಾಗದದ ಎಲ್ಲಾ ಕಡೆಯೂ ಬೀಳುತ್ತಿದೆ. ಒಂದರ ಮೇಲೊಂದು ಬಿದ್ದು ಬರೀ ಬಿಳಿ ಉಳಿಯುತ್ತದೆ. ತೂತು ಚಿತ್ರವನ್ನು ತಯಾರು ಮಾಡುವುದಿಲ್ಲ, ಬೇಡದ ಬೆಳಕನ್ನು ತಡೆಯುತ್ತದೆ. ಮಕ್ಕಳಿಗೆ ಇದು ತಕ್ಷಣ ಹೊಳೆಯುವುದಿಲ್ಲ. ಅವಸರ ಬೇಡ.

ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಈ ಹಂತದಲ್ಲಿ ಅವರವರೇ ತೆಲುಗಿನಲ್ಲಿ ಜಗಳಕ್ಕೆ ಬಿದ್ದರೆ ಬಿಟ್ಟುಬಿಡಿ. ಯಾವ ಭಾಷೆಯಲ್ಲಿ ಅರ್ಥವಾದರೂ ಒಂದೇ.

ಎಡ ಬಲವೂ ಅದಲುಬದಲಾಗುತ್ತಾ?

ಆಗುತ್ತದೆ. ಮಗುವಿನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಬಿಸಿಲಿನಲ್ಲಿ ನಿಲ್ಲಿಸಿ ನೋಡಿಸಿ. ಪರದೆಯ ಹಿಂದಿನಿಂದ ನೋಡುವಾಗ ಅಕ್ಷರ ಪೂರ್ತಿ ಅರ್ಧ ಸುತ್ತು ತಿರುಗಿರುತ್ತದೆ. ಆ ಚಿತ್ರದ ಫೋಟೊ ತೆಗೆದು ಫೋನನ್ನು ಉಲ್ಟಾ ಹಿಡಿದರೆ ಸರಿಯಾಗಿ ಓದಬಹುದು. ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ಬಿದ್ದ ಚಿತ್ರವಾದರೆ ಹಾಗೆ ಆಗುವುದಿಲ್ಲ. ಅಲ್ಲಿ ಅದನ್ನು ಮುಂದಿನಿಂದ ನೋಡುತ್ತೇವೆ, ಉಲ್ಟಾ ತಿರುಗಿಸಿದರೂ ಕನ್ನಡಿಯಲ್ಲಿ ಕಂಡ ಅಕ್ಷರದ ಹಾಗೇ ಇರುತ್ತದೆ. ಯಾಕೆ ಅಂತ ಯೋಚಿಸಲು ಹತ್ತನೇ ಕ್ಲಾಸಿನವರಿಗೆ ಬಿಡಿ.

ತೂತು ಎಷ್ಟು ದೊಡ್ಡದಿರಬೇಕು?

ಇಲ್ಲಿ ಒಂದು ಎಳೆದಾಟ ಇದೆ. ತೂತು ದೊಡ್ಡದಾದರೆ ಚಿತ್ರ ಬೆಳಗುತ್ತದೆ, ಆದರೆ ಮಸುಕಾಗುತ್ತದೆ. ಚಿಕ್ಕದಾದರೆ ಚೂಪಾಗುತ್ತದೆ, ಆದರೆ ಕತ್ತಲಾಗುತ್ತದೆ. ತೂತಿನ ಅಗಲ ಅರ್ಧಕ್ಕೆ ಇಳಿದರೆ ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ತೂತನ್ನು ಚಿಕ್ಕದು ಮಾಡುತ್ತಾ ಹೋದರೆ ಚಿತ್ರ ಚೂಪಾಗುತ್ತಲೇ ಹೋಗುತ್ತದಾ? ಇಲ್ಲ. ಒಂದು ಹಂತ ದಾಟಿದ ಮೇಲೆ ಮತ್ತೆ ಮಸುಕಾಗಲು ಶುರುವಾಗುತ್ತದೆ. ಬೆಳಕು ಅಲೆಯೂ ಹೌದು. ತೀರಾ ಇಕ್ಕಟ್ಟಿನ ಸಂದಿಯಲ್ಲಿ ತೂರಿದಾಗ ಅದು ಹರಡಿಕೊಳ್ಳುತ್ತದೆ. ಪಾಠದಲ್ಲಿ ಇದನ್ನು ವಿವರ್ತನೆ ಅನ್ನುತ್ತಾರೆ. ಈ ಎರಡರ ನಡುವೆ ಸರಿಯಾದ ಅಳತೆ ಯಾವುದು ಅಂತ ಹತ್ತೊಂಬತ್ತನೇ ಶತಮಾನದಲ್ಲೇ ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಲೆಕ್ಕ ಹಾಕಿದ್ದರು. ಆ ಲೆಕ್ಕದ ಪ್ರಕಾರ ಪರದೆ 10 ಸೆಂ.ಮೀ. ದೂರವಿದ್ದರೆ ತೂತು ಸುಮಾರು 0.45 ಮಿ.ಮೀ. ಇರಬೇಕು. 15 ಸೆಂ.ಮೀ.ಗೆ ಸುಮಾರು 0.55, 20 ಸೆಂ.ಮೀ.ಗೆ 0.63 ಮಿ.ಮೀ.

ಇದು ಫೋಟೊ ಕಾಗದದ ಮೇಲೆ ಚಿತ್ರ ಹಿಡಿಯುವವರಿಗೆ. ಕಣ್ಣಲ್ಲಿ ನೋಡಲು ನಾನು 1 ಮಿ.ಮೀ. ತೂತೇ ಹೇಳುತ್ತೇನೆ. ಸ್ವಲ್ಪ ಮಸುಕಾದರೂ ಪರವಾಗಿಲ್ಲ, ಕಾಣುವುದು ಮುಖ್ಯ. ತೂತನ್ನು ಅಳೆಯಬೇಕಾದರೆ ಸ್ಕೇಲಿನ ಮಿಲಿಮೀಟರ್ ಗೆರೆಯ ಪಕ್ಕ ಇಟ್ಟು ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ಮೂರು ಫಾಯಿಲ್ ತುಂಡುಗಳಿಗೆ ಮೂರು ಅಳತೆಯ ತೂತು ಮಾಡಿ, ಒಂದೊಂದನ್ನೇ ಅಂಟಿಸಿ ನೋಡಿಸಿ: ಸೂಜಿ ಮೊನೆಯದ್ದು, 1 ಮಿ.ಮೀ.ದು, ಪೆನ್ಸಿಲ್ ಮೊನೆ ಪೂರ್ತಿ ಇಳಿಸಿದ್ದು. ಪಾಠದ ಒಂದು ಪುಟ ಓದಿಸುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಒಂದರ ಬದಲು ಐದಾರು ತೂತು ಮಾಡಿದರೆ ಬೆಳಕು ಜಾಸ್ತಿ ಬರಲ್ವಾ?

ಮಕ್ಕಳೇ ಕೇಳುವ ಪ್ರಶ್ನೆ ಇದು, ಇಡೀ ದಿನದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಮಾಡಿ ನೋಡಿ ಅನ್ನಿ. ಒಂದು ರೂಪಾಯಿ ಅಗಲದೊಳಗೆ ಐದು ತೂತು. ಪರದೆಯಲ್ಲಿ ಐದು ತೆಂಗಿನ ಮರ ಕಾಣುತ್ತವೆ, ಒಂದರ ಪಕ್ಕ ಒಂದು, ಅಲ್ಲಲ್ಲಿ ಒಂದರ ಮೇಲೊಂದು. ಪ್ರತಿ ತೂತೂ ತನ್ನದೇ ಚಿತ್ರ ಬಿಡುತ್ತದೆ. ಹತ್ತು ತೂತು ಮಾಡಿದರೆ ಹತ್ತು ಮರ. ತೂತುಗಳು ಸೇರಿ ಒಂದು ದೊಡ್ಡ ಕಿಂಡಿಯಾದರೆ ಎಣಿಸಲಾಗದಷ್ಟು ಮರ ಒಂದರ ಮೇಲೊಂದು ಬಿದ್ದು ಬರೀ ಮಸುಕು. ದೊಡ್ಡ ತೂತಿನ ಚಿತ್ರ ಯಾಕೆ ಮಸುಕು ಅನ್ನುವುದಕ್ಕೆ ಇದೇ ಉತ್ತರ.

ಈಗ ಎತ್ತಿಟ್ಟ ಭೂತಗನ್ನಡಿ ತನ್ನಿ. ಐದು ತೂತಿನ ಫಾಯಿಲ್ ಮುಂದೆ ಅದನ್ನು ಹಿಡಿದು, ಪರದೆಯನ್ನು ನಿಧಾನವಾಗಿ ಜರುಗಿಸಿ. ಐದು ಮರಗಳೂ ಹತ್ತಿರ ಹತ್ತಿರ ಬಂದು, ಒಂದು ಜಾಗದಲ್ಲಿ ಒಂದೇ ಮರವಾಗುತ್ತವೆ. ಆ ಮರ ಮೊದಲಿಗಿಂತ ಐದು ಪಟ್ಟು ಬೆಳಗಿರುತ್ತದೆ. ಫಾಯಿಲ್ ಕಿತ್ತು ಹಾಕಿ. ಚಿತ್ರ ಅಲ್ಲೇ ಇರುತ್ತದೆ, ಇನ್ನೂ ಎಷ್ಟೋ ಪಟ್ಟು ಬೆಳಕಾಗಿ. ಬೇರೆ ಬೇರೆ ಕಡೆ ಬೀಳುತ್ತಿದ್ದ ಚಿತ್ರಗಳನ್ನೆಲ್ಲ ಬೆಳಕು ಬಾಗಿಸಿ ಒಂದೇ ಕಡೆ ಕೂಡಿಸುವುದು ಮಸೂರದ ಕೆಲಸ. ಪೀನ ಮಸೂರದ ಕಿರಣ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಇದನ್ನು ಒಮ್ಮೆ ತೋರಿಸಿ ಅಂತ ಟೀಚರುಗಳಿಗೆ ನನ್ನ ಕೋರಿಕೆ.

ಮಸೂರ ಹಾಕಿದ ಡಬ್ಬಕ್ಕೆ ಪರದೆ ಎಲ್ಲಿಡಬೇಕು?

ಮೊದಲು ಆ ಮಸೂರದ ಸಂಗಮದೂರ ತಿಳಿಯಿರಿ. ಕೋಣೆಯ ಒಳಗಿನ ಗೋಡೆಯ ಹತ್ತಿರ ನಿಂತು, ಕಿಟಕಿಯಾಚೆ ದೂರದಲ್ಲಿರುವ ಮರದ ಚಿತ್ರ ಗೋಡೆಯ ಮೇಲೆ ಚೂಪಾಗಿ ಬೀಳುವ ಹಾಗೆ ಮಸೂರ ಹಿಡಿಯಿರಿ. ಗೋಡೆಗೂ ಮಸೂರಕ್ಕೂ ಇರುವ ದೂರವೇ ಸಂಗಮದೂರ.

ಅದು 10 ಸೆಂ.ಮೀ. ಅಂತ ಇಟ್ಟುಕೊಳ್ಳಿ. ದೂರದ ಬೆಟ್ಟಕ್ಕೆ ಪರದೆ 10 ಸೆಂ.ಮೀ.ನಲ್ಲಿ ಇರಬೇಕು. 1 ಮೀಟರ್ ದೂರದಲ್ಲಿ ಕೂತ ತಮ್ಮನಿಗೆ 11 ಸೆಂ.ಮೀ.ಗಿಂತ ಚೂರು ಹೆಚ್ಚು. 30 ಸೆಂ.ಮೀ. ದೂರದ ಮೇಣದಬತ್ತಿಗೆ 15 ಸೆಂ.ಮೀ. ಮೇಣದಬತ್ತಿಯನ್ನು 20 ಸೆಂ.ಮೀ.ಗೆ ತಂದರೆ ಪರದೆಯೂ 20 ಸೆಂ.ಮೀ.ಗೆ ಹೋಗುತ್ತದೆ, ಚಿತ್ರ ಮೇಣದಬತ್ತಿಯಷ್ಟೇ ಎತ್ತರ. 10 ಸೆಂ.ಮೀ.ಗಿಂತ ಹತ್ತಿರ ತಂದರೆ ಪರದೆಯ ಮೇಲೆ ಚಿತ್ರವೇ ಇಲ್ಲ. ಸೂಜಿ ತೂತಿಗೆ ಈ ತಕರಾರು ಇರಲಿಲ್ಲ, ಪರದೆ ಎಲ್ಲಿಟ್ಟರೂ ಚಿತ್ರ ಬೀಳುತ್ತಿತ್ತು. ಬೆಳಕು ಜಾಸ್ತಿ ಬೇಕು ಅಂದರೆ ಫೋಕಸ್ ಮಾಡುವ ಕಷ್ಟ ಕಟ್ಟಿಕೊಳ್ಳಬೇಕು.

ಭೂತಗನ್ನಡಿ ಇಲ್ಲದಿದ್ದರೆ ಅಜ್ಜಿಯ ಹಳೆಯ ಓದುವ ಕನ್ನಡಕ ಆಗುತ್ತದೆ. ನೂರನ್ನು ಕನ್ನಡಕದ ಪವರ್‌ನಿಂದ ಭಾಗಿಸಿದರೆ ಸಂಗಮದೂರ ಸೆಂ.ಮೀ.ನಲ್ಲಿ ಸಿಗುತ್ತದೆ. ಪ್ಲಸ್ 4 ಆದರೆ 25 ಸೆಂ.ಮೀ., ಪ್ಲಸ್ 2 ಆದರೆ 50 ಸೆಂ.ಮೀ., ಅಂದರೆ ಡಬ್ಬ ಬಹಳ ಉದ್ದ ಬೇಕು. ದೂರ ಕಾಣದವರ ಮೈನಸ್ ಕನ್ನಡಕದಿಂದ ಪರದೆಯ ಮೇಲೆ ಚಿತ್ರ ಬರುವುದೇ ಇಲ್ಲ.

ನಮ್ಮ ಕಣ್ಣೂ ಹೀಗೇನಾ?

ಬಹುಮಟ್ಟಿಗೆ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೂ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ. 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಇದನ್ನು ಬರೆದಾಗ, ಹಾಗಾದರೆ ಜಗತ್ತು ನೆಟ್ಟಗೆ ಕಾಣುವುದು ಹೇಗೆ ಅನ್ನುವುದು ಅವರಿಗೂ ತೊಡಕಾಗಿತ್ತು. ಚಿತ್ರಕ್ಕೆ ಅರ್ಥ ಕೊಡುವುದು ಮಿದುಳು. ಇನ್ನೊಂದು ವ್ಯತ್ಯಾಸ ಇದೆ. ಡಬ್ಬದಲ್ಲಿ ಫೋಕಸ್ ಮಾಡಲು ಪರದೆ ಜರುಗಿಸುತ್ತೇವೆ, ಕಣ್ಣು ತನ್ನ ಮಸೂರದ ಆಕಾರವನ್ನೇ ಬದಲಿಸುತ್ತದೆ. ವಯಸ್ಸಾದಂತೆ ಆ ಮಸೂರ ಬಿರುಸಾಗುತ್ತದೆ. ಅಪ್ಪನಿಗೆ ಪರದೆ ಮಸುಕಾಗಿ ಕಂಡದ್ದು ಅದಕ್ಕೇ.

ತೂತು ಚೌಕವಾಗಿದ್ದರೆ ಚಿತ್ರವೂ ಚೌಕವಾಗುತ್ತಾ?

ತೂತು ಸಣ್ಣದಿದ್ದು ಪರದೆ ದೂರವಿದ್ದರೆ ಆಗುವುದಿಲ್ಲ. ಹೊಂಗೆ ಮರದ ಕೆಳಗೆ ನೆಲ ನೋಡಿ. ಎಲೆಗಳ ಸಂದಿ ಯಾವ ಆಕಾರಕ್ಕಿದ್ದರೂ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳು ದುಂಡಗಿರುತ್ತವೆ. ಅವು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರಗಳು. 2019ರ ಡಿಸೆಂಬರ್ 26ರ ಗ್ರಹಣದ ಬೆಳಗ್ಗೆ ಮಂಗಳೂರು, ಕೊಡಗಿನ ಕಡೆ ಉಂಗುರ ಕಂಡಿತು, ನಮ್ಮ ಕಡೆ ಸೂರ್ಯ ಕುಡುಗೋಲಿನಷ್ಟೇ ಉಳಿದಿದ್ದ. ಅಂಥ ಹೊತ್ತಿನಲ್ಲಿ ಮರದ ಕೆಳಗಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರವೇ. ಹೆಂಚಿನ ಮನೆಯ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬೆಳಕೂ ಇದೇ ಜಾತಿ.

ಡಬ್ಬದಲ್ಲಿ ಸೂರ್ಯನನ್ನು ನೋಡಬಹುದಾ?

ತೂತಿನ ಮೂಲಕ ಸೂರ್ಯನ ಕಡೆ ಕಣ್ಣಿಡಬಾರದು. ಯಾವ ಕಾರಣಕ್ಕೂ ಬೇಡ, ಗ್ರಹಣ ಇರಲಿ ಇಲ್ಲದಿರಲಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು, ತೂತಿನಿಂದ ಬಂದ ಬೆಳಕು ಬಿಳಿ ಕಾಗದದ ಮೇಲೆ ಬೀಳುವ ಹಾಗೆ ಮಾಡಿ ಆ ಕಾಗದವನ್ನು ನೋಡಬೇಕು. ಮಸೂರ ಹಾಕಿದ ಡಬ್ಬವನ್ನಂತೂ ಸೂರ್ಯನ ಕಡೆ ತಿರುಗಿಸಲೇಬೇಡಿ, ಬಿಸಿಲಿನಲ್ಲಿ ಬಿಟ್ಟು ಊಟಕ್ಕೂ ಹೋಗಬೇಡಿ. ಒಳಗಿನ ಕಾಗದ ಹೊತ್ತಿಕೊಳ್ಳಬಹುದು.

ಇಷ್ಟು ಎಚ್ಚರ ಇದ್ದರೆ ಸೂರ್ಯನ ಅಗಲವನ್ನೇ ಅಳೆಯಬಹುದು. ತೂತಿನಿಂದ 2 ಮೀಟರ್ ದೂರದಲ್ಲಿ ಕಾಗದ ಹಿಡಿದರೆ ಸೂರ್ಯನ ಚಿತ್ರ 18ರಿಂದ 19 ಮಿ.ಮೀ. ಅಗಲ ಬೀಳುತ್ತದೆ. ಚಿತ್ರದ ಅಗಲವನ್ನು ದೂರದಿಂದ ಭಾಗಿಸಿ, ಬಂದದ್ದನ್ನು 15 ಕೋಟಿ ಕಿಲೋಮೀಟರ್‌ನಿಂದ ಗುಣಿಸಿ. ಹದಿಮೂರು ಹದಿನಾಲ್ಕು ಲಕ್ಷ ಕಿಲೋಮೀಟರ್ ಬರುತ್ತದೆ. ನಿಜವಾದ ಅಳತೆ ಸುಮಾರು 13.9 ಲಕ್ಷ. ದೂರ ಹೆಚ್ಚಿದಷ್ಟೂ ಲೆಕ್ಕ ಚೆನ್ನಾಗಿ ಬರುತ್ತದೆ, ಯಾಕೆಂದರೆ ತೂತಿನ ಅಗಲವೂ ಚಿತ್ರಕ್ಕೆ ಸೇರಿಕೊಂಡಿರುತ್ತದೆ.

ಮುಂದಿನ ಅವಕಾಶಗಳಲ್ಲಿ 2031ರ ಮೇ 21ರ ಕಂಕಣ ಗ್ರಹಣ ಒಂದು. ಉಂಗುರ ಕಾಣುವುದು ಕೇರಳ, ತಮಿಳುನಾಡಿನ ಕಡೆ. ನಮಗೆ ಪಾರ್ಶ್ವ ಗ್ರಹಣ.

ಇಡೀ ಕೋಣೆಯನ್ನೇ ಕ್ಯಾಮೆರಾ ಮಾಡಬಹುದಂತಲ್ಲ?

ಮಾಡಬಹುದು, ಮಾಡಲೇಬೇಕು. ಬಿಸಿಲು ಬೀಳುವ ಬೀದಿಗೋ ತೋಟಕ್ಕೋ ಮುಖ ಮಾಡಿದ ಒಂದೇ ಕಿಟಕಿಯ ಕೋಣೆ ಆರಿಸಿಕೊಳ್ಳಿ. ಕಿಟಕಿಗೆ ಕಪ್ಪು ಪ್ಲಾಸ್ಟಿಕ್ಕೋ ಟಾರ್ಪಾಲಿನೋ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ನಡುವೆ 1 ಸೆಂ.ಮೀ. ತೂತು ಬಿಡಿ. ಎದುರು ಗೋಡೆ ಬಿಳಿಯಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಪಂಚೆ ಕಟ್ಟಿ. ಮಕ್ಕಳನ್ನು ಒಳಗೆ ಕೂರಿಸಿ ಹತ್ತು ನಿಮಿಷ ಕಥೆ ಹೇಳಿ. ಕಣ್ಣು ಕತ್ತಲೆಗೆ ಹೊಂದಿದ ಹಾಗೆ ಬೀದಿ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಹೊರಗೆ ಒಬ್ಬರನ್ನು ಬಿಸಿಲಲ್ಲಿ ಕುಣಿಯಲು ಹೇಳಿ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ರೇಷ್ಮೆ ಹುಳು ಮನೆ ಇದಕ್ಕೆ ಸೊಗಸಾದ ಜಾಗ. ಉದ್ದ ಕೋಣೆ, ಕಿಟಕಿಗಳು ಕಮ್ಮಿ. ಆದರೆ ಹುಳು ಇರುವಾಗ ಕೇಳಲೇಬೇಡಿ. ರೋಗ ತಗಲುತ್ತದೆ ಅಂತ ಹೊರಗಿನವರನ್ನು ಬಿಡುವುದಿಲ್ಲ, ಬಿಡಲೂಬಾರದು. ಗೂಡು ಬಿಡಿಸಿ ಮಾರಾಟವಾದ ಮೇಲೆ, ಮುಂದಿನ ಚಾಕಿ ಹುಳು, ಅಂದರೆ ಎಳೆಯ ಹುಳು, ತರುವ ಮೊದಲು ಒಂದಿಷ್ಟು ದಿನ ಮನೆ ಖಾಲಿ ಇರುತ್ತದಲ್ಲ, ಆಗ ಕೇಳಿ. ತೊಳೆದು ಔಷಧಿ ಹೊಡೆದ ವಾಸನೆ ಪೂರ್ತಿ ಹೋಗಿರಬೇಕು.

ಹಂಪಿಗೆ ಪ್ರವಾಸ ಹೋದರೆ ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ರಾಜಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಕಾಣುವುದನ್ನು ತೋರಿಸದೆ ಬರಬೇಡಿ. ಗೋಪುರದ ನೆರಳು ಅಂತ ಗೈಡುಗಳು ಹೇಳುತ್ತಾರೆ. ನೆರಳಾಗಿದ್ದರೆ ತಲೆಕೆಳಗಾಗುತ್ತಿರಲಿಲ್ಲ. ಡಬ್ಬ ಮಾಡಿದ ಮಕ್ಕಳು ಇದನ್ನು ನೋಡಿ ತೂತು ಎಲ್ಲಿದೆ ಅಂತ ಹಿಂದೆ ತಿರುಗಿ ಹುಡುಕುತ್ತಾರೆ.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರು ಅಂತ ಹೇಳಲಾಗದು. ಕ್ರಿಸ್ತಪೂರ್ವದಲ್ಲೇ ಚೀನಾದಲ್ಲಿ ಮೋಜಿ ಎಂಬ ತತ್ವಜ್ಞಾನಿಯ ಹೆಸರಿನ ಬರಹಗಳಲ್ಲಿ ತಲೆಕೆಳಗಾದ ಚಿತ್ರದ ಮಾತು ಬರುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಕೈರೋದಲ್ಲಿದ್ದ ಇಬ್ನ್ ಅಲ್ ಹೈಥಮ್ ಕತ್ತಲೆ ಕೋಣೆ, ದೀಪಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷೆ ಮಾಡಿ ಬರೆದರು. ಚಿತ್ರವನ್ನು ಉಳಿಸಿಕೊಳ್ಳಲು 1820ರ ದಶಕದವರೆಗೆ ಕಾಯಬೇಕಾಯಿತು, ಫ್ರಾನ್ಸಿನ ನಿಯೆಪ್ಸ್ ಬರುವವರೆಗೆ.

ಫೋಟೊ ತೆಗೆಯಲೇಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಏನು ಮಾಡಲಿ?

ಸುಲಭದ ದಾರಿ, ಕಣ್ಣಿಡುವ ಕಿಟಕಿಗೆ ಫೋನಿನ ಕ್ಯಾಮೆರಾ ಒತ್ತಿ ಹಿಡಿದು ಪರದೆಯ ಫೋಟೊ ತೆಗೆಯುವುದು. ನೈಟ್ ಮೋಡ್ ಇದ್ದರೆ ಹಾಕಿ, ಡಬ್ಬವನ್ನು ಇಟ್ಟಿಗೆ ಮೇಲೆ ಅಲ್ಲಾಡದ ಹಾಗೆ ಇಡಿ.

ಕಷ್ಟದ ದಾರಿ ಕಪ್ಪುಬಿಳುಪು ಫೋಟೊ ಕಾಗದ. ಇಲ್ಲಿಯ ಸ್ಟುಡಿಯೋಗಳಲ್ಲಿ ಅದು ಈಗ ಸಿಗುವುದು ಕಷ್ಟ, ಆನ್‌ಲೈನಿನಲ್ಲಿ ತರಿಸಬೇಕು. ಟ್ರೇಸಿಂಗ್ ಪೇಪರಿನ ಜಾಗದಲ್ಲಿ ಈ ಕಾಗದ ಕೂರಿಸಿ, ಕಣ್ಣಿಡುವ ಕಿಟಕಿ ಮುಚ್ಚಿಬಿಡಬೇಕು. ಕಾಗದ ಹಾಕುವುದು, ತೆಗೆಯುವುದು ಕೆಂಪು ದೀಪದಲ್ಲಿ ಮಾತ್ರ. 10 ಸೆಂ.ಮೀ. ದೂರ, 0.45 ಮಿ.ಮೀ. ತೂತು, ಒಳ್ಳೆಯ ಬಿಸಿಲು ಇದ್ದರೆ ತೂತನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ತೆರೆದಿಡಿ.

ಕಾಗದದ ಮೇಲೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಮನೆಯಲ್ಲೇ ಆಗುತ್ತದೆ. ಅರ್ಧ ಲೀಟರ್ ನೀರಿಗೆ ನೀರಿನಂಶ ಇಲ್ಲದ ವಾಷಿಂಗ್ ಸೋಡಾ ಪುಡಿ 27 ಗ್ರಾಂ, ವಿಟಮಿನ್ ಸಿ ಪುಡಿ 8 ಗ್ರಾಂ, ಇನ್‌ಸ್ಟಂಟ್ ಕಾಫಿ ಪುಡಿ 20 ಗ್ರಾಂ. ಅಡಿಗೆ ಸೋಡಾ ಆಗುವುದಿಲ್ಲ. ಹರಳು ಹರಳಾದ ವಾಷಿಂಗ್ ಸೋಡಾ ಆದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ ಬೇಕು. ಚಿಕೋರಿ ಬೆರೆಸದ ಅಗ್ಗದ ಇನ್‌ಸ್ಟಂಟ್ ಕಾಫಿ ಸಾಕು, ಮನೆಯ ಫಿಲ್ಟರ್ ಡಿಕಾಕ್ಷನ್ ಹಾಳು ಮಾಡಬೇಡಿ. ಗಬ್ಬು ನಾತ ಬರುತ್ತದೆ, ಕಿಟಕಿ ಇರುವ ಬಚ್ಚಲಲ್ಲಿ ಮಾಡಿ. ಕೈಗೆ ಗ್ಲೌಸ್ ಇರಲಿ, ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಚಿತ್ರ ಮೂಡಿದ ಮೇಲೆ ನೀರಿನಲ್ಲಿ ತೊಳೆದು ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣದಲ್ಲಿ ಅದ್ದಿದರೆ ಉಳಿಯುತ್ತದೆ. ಬಳಸಿದ ಹೈಪೋದಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಅದನ್ನು ಗಿಡಕ್ಕೋ ಕೆರೆಗೋ ಸುರಿಯಬೇಡಿ.

ಬರುವುದು ನೆಗೆಟಿವ್. ಆಕಾಶ ಕಪ್ಪು, ನೆರಳು ಬಿಳಿ. ಫೋನಿನಲ್ಲಿ ಫೋಟೊ ತೆಗೆದು ಬಣ್ಣ ತಿರುಗುಮುರುಗು ಮಾಡುವ ಆಪ್‌ಗೆ ಹಾಕಿದರೆ ಸರಿಯಾಗುತ್ತದೆ.

ವಿಜ್ಞಾನ ಮೇಳಕ್ಕೆ ಇದನ್ನು ಇಡಬಹುದಾ? ಎಲ್ಲರೂ ಇದನ್ನೇ ತರುತ್ತಾರಲ್ಲ?

ತರುತ್ತಾರೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಯಾವ ಶಾಲೆಗೆ ಹೋದರೂ ಜ್ವಾಲಾಮುಖಿಯ ಪಕ್ಕದಲ್ಲಿ ಒಂದು ಪಿನ್‌ಹೋಲ್ ಕ್ಯಾಮೆರಾ ಇರುತ್ತದೆ. ಥಳಥಳ ಕಾಗದ ಸುತ್ತಿ, ಚಾರ್ಟಿನಲ್ಲಿ ವ್ಯಾಖ್ಯೆ ಬರೆದು, ಹುಡುಗ ಬಾಯಿಪಾಠ ಒಪ್ಪಿಸುತ್ತಾನೆ. ಡಬ್ಬದೊಳಗೆ ನೋಡಿದರೆ ಏನೂ ಕಾಣುವುದಿಲ್ಲ, ಯಾಕೆಂದರೆ ಮೇಳ ನಡೆಯುವುದು ಹಾಲ್ ಒಳಗೆ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಅನ್ನುತ್ತಿದ್ದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಆ ನೆಲದಲ್ಲಿ ಬಾಯಿಪಾಠದ ಮಾದರಿ ಬೇಡ.

ವ್ಯಾಖ್ಯೆಯ ಬದಲು ಒಂದು ಅಳತೆ ಇಡಿ. ಊರಿನ ನೀರಿನ ಟ್ಯಾಂಕಿನ ಎತ್ತರ ಎಷ್ಟು ಅಂತ ಡಬ್ಬದಿಂದ ಕಂಡುಹಿಡಿಯಲಿ. ಟ್ಯಾಂಕಿನಿಂದ 30 ಮೀಟರ್ ಅಳೆದು ನಿಂತು, ಪರದೆ 15 ಸೆಂ.ಮೀ.ನಲ್ಲಿ ಇಟ್ಟು, ಟ್ರೇಸಿಂಗ್ ಪೇಪರಿನ ಮೇಲೆ ಮೊದಲೇ ಎಳೆದ ಗೆರೆಗಳಿಂದ ಚಿತ್ರದ ಎತ್ತರ ಓದಬೇಕು. 6 ಸೆಂ.ಮೀ. ಬಂತು ಅನ್ನಿ. 30 ಮೀಟರ್ ಅನ್ನುವುದು 15 ಸೆಂ.ಮೀ.ಗೆ 200 ಪಟ್ಟು. ಹಾಗಾಗಿ ಟ್ಯಾಂಕು 6 ಸೆಂ.ಮೀ.ನ 200 ಪಟ್ಟು, ಅಂದರೆ 12 ಮೀಟರ್. ಬೇರೆ ಬೇರೆ ದೂರದಿಂದ ಅಳೆದು ಬಂದ ಉತ್ತರಗಳನ್ನು, ಹೊಂದದೆ ಇದ್ದರೂ, ಹಾಗೇ ಬರೆದಿಡಲಿ. ತೀರ್ಪುಗಾರರು ಯಾಕೆ ಹೊಂದಿಲ್ಲ ಅಂತ ಕೇಳಿದರೆ ಮಗುವಿಗೆ ಹೇಳಲು ಏನಾದರೂ ಇರುತ್ತದೆ.

ಡಬ್ಬ ಎಷ್ಟು ದಿನ ಬಾಳುತ್ತೆ?

ಮಳೆಗಾಲದಲ್ಲಿ ರಟ್ಟು ಮೆತ್ತಗಾಗಿ ಮೂಲೆ ಬಿಡುತ್ತದೆ, ಟ್ರೇಸಿಂಗ್ ಪೇಪರ್ ಸುಕ್ಕಾಗುತ್ತದೆ. ಎಣ್ಣೆ ಕಾಗದ ಹಾಕಿದ್ದರೆ ಇರುವೆ ಹತ್ತುತ್ತದೆ. ಫಾಯಿಲ್ ತೂತಿಗೆ ಬೆರಳು ತಗಲಿದರೆ ಅಲ್ಲಿಗೆ ಮುಗಿಯಿತು. ಗಟ್ಟಿಯಾಗಿರಬೇಕಾದರೆ ಕೂಲ್‌ಡ್ರಿಂಕ್ ಕ್ಯಾನಿನ ತಗಡಿನಲ್ಲಿ ತೂತು ಮಾಡಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ. ತಗಡು ಕೈ ಕುಯ್ಯುತ್ತದೆ, ಅದನ್ನು ಕತ್ತರಿಸುವುದು ನೀವೇ.